ಒಂಟಿಯಾಗಿ ಹಾಡಿದಳು, ಸರಿ. ಹೆಸರು ಯಾರದ್ದು?

ಶುಕ್ರವಾರ ಮಧ್ಯಾಹ್ನದ ಊಟ ಮುಗಿದು ಸುಲೈಮಾನಿ ಬರುವ ಹೊತ್ತಿಗೆ ಸೌದಿಯ ಕನ್ನಡಿಗರ ಮನೆಗಳಲ್ಲಿ ತೀರ್ಪು ಕೊಡುವ ಕಾರ್ಯಕ್ರಮ ಶುರುವಾಗುತ್ತೆ. ನೀವೂ ಕೂತಿರ್ತೀರಿ, ಗೊತ್ತು. ಊರಿನ ರಾಜಕೀಯ, ಶಾಲೆ ಫೀಸು, ಯಾರ ಮಗ ಕೆನಡಾಕ್ಕೆ ಹೋದ, ಎಲ್ಲ ಮುಗಿದ ಮೇಲೆ ಒಂದು ಸಲ ಅಲ್ ಖೋಬರ್‌ನ ಮನೆಯೊಂದರಲ್ಲಿ ಕಟಕಟೆಗೆ ಬಂದವಳು ಜೆನ್ನಿ. ಬ್ಲ್ಯಾಕ್‌ಪಿಂಕ್‌ನ ಜೆನ್ನಿ.

ಆ ಮನೆ ಮಗಳು, ಹತ್ತನೇ ಕ್ಲಾಸು, ಟೀವಿಗೆ ಫೋನ್ ಕನೆಕ್ಟ್ ಮಾಡಿ 'ರೂಬಿ' ಆಲ್ಬಮ್ ಹಾಕಿದ್ದಳು. ಅವಳ ಅಪ್ಪನ ಸ್ನೇಹಿತರು, ಇಪ್ಪತ್ತು ವರ್ಷದಿಂದ ಇಲ್ಲೇ ಇರುವವರು, ಕೇಳಿದರು: "ಇವಳು ಆ ನಾಲ್ಕು ಹುಡುಗಿಯರ ಗುಂಪಿನವಳಲ್ವಾ? ಬೆಳೆಸಿದ ಕಂಪನಿಗೇ ಕೈ ಕೊಟ್ಟು ಹೊರಗೆ ಬಂದಳಂತಲ್ಲ." ಹುಡುಗಿಗೆ ಸಿಟ್ಟು ಬಂತು. "ಕೈ ಕೊಟ್ಟಿಲ್ಲ ಅಂಕಲ್. ಮೊದಲು ಕಂಪನಿ ಹೇಳಿದ ಹಾಗೆ ಇದ್ಲು. ಈಗ ಅವಳು ಅವಳಾಗಿ ಹಾಡ್ತಿದ್ದಾಳೆ."

ಇಬ್ಬರೂ ತಪ್ಪು ಅಂತ ನನಗನ್ನಿಸಿತು. ಬಿರಿಯಾನಿ ತಿಂದ ಮನೆಯಲ್ಲಿ ವಾದಕ್ಕಿಳಿಯೋದು ಸರಿಯಲ್ಲ ಅಂತ ಸುಮ್ಮನಿದ್ದೆ. ಇಲ್ಲಿ ಹೇಳಿಬಿಡ್ತೀನಿ. ಒಬ್ಬ ಪಾಪ್ ಗಾಯಕಿ ಗುಂಪು ಬಿಟ್ಟು 'ಸೋಲೋ' ಆದಾಗ ನಮಗೆ ಎರಡು ಕಥೆ ಮಾರಾಟಕ್ಕಿರುತ್ತೆ, ಒಂದು ದ್ರೋಹದ ಕಥೆ, ಇನ್ನೊಂದು ಆತ್ಮಸಾಕ್ಷಾತ್ಕಾರದ ಕಥೆ. ಎರಡನ್ನೂ ಕೊಳ್ಳಬೇಡಿ. ನಿಜವಾಗಿ ಬದಲಾಗಿರೋದು ಕಾಗದ. ಹೆಸರು ಯಾರ ಹತ್ತಿರ, ಹಾಡು ಯಾರ ಹತ್ತಿರ, 'ಬೇಡ' ಅನ್ನುವ ಹಕ್ಕು ಯಾರ ಹತ್ತಿರ ಅನ್ನೋದು ಮೊದಲು ತೀರ್ಮಾನವಾಗುತ್ತೆ. ಕೂದಲಿನ ಬಣ್ಣ, ಟೀಸರಿನ ಕಣ್ಣೀರು, 'ಮರುಹುಟ್ಟು' ಅನ್ನೋ ಶೀರ್ಷಿಕೆ ಎಲ್ಲ ಆಮೇಲೆ ಬರುತ್ತೆ. ಬೇರೆಯವರಿಗೆ ಇದು ಹೊಳೆಯದಿದ್ದರೆ ಕ್ಷಮಿಸಬಹುದು. ಇಕಾಮಾ ಜೇಬಲ್ಲಿಟ್ಟುಕೊಂಡು ಓಡಾಡುವ ನಮಗೆ ಹೊಳೆಯದಿದ್ದರೆ ನಾಚಿಕೆಗೇಡು.

ಮೊದಲು ಜೆನ್ನಿಯ ವಿಷಯ ಸರಿಯಾಗಿ ನೋಡೋಣ. ಹುಟ್ಟಿದ್ದು 1996ರಲ್ಲಿ. ಬಾಲ್ಯದ ಕೆಲವು ವರ್ಷ ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ. 2010ರಲ್ಲಿ ಕೊರಿಯಾಕ್ಕೆ ವಾಪಸ್ ಬಂದು ವೈಜಿ ಎಂಟರ್‌ಟೈನ್‌ಮೆಂಟ್‌ನಲ್ಲಿ ಟ್ರೇನಿಯಾಗಿ ಸೇರಿದಳು. ಆರು ವರ್ಷ ಬರೀ ತಾಲೀಮು. ಈ ಆರು ವರ್ಷದಲ್ಲಿ ಎಷ್ಟೋ ಹುಡುಗ ಹುಡುಗಿಯರು ಹೆಸರೇ ಇಲ್ಲದೆ ಮನೆಗೆ ಹೋಗ್ತಾರೆ. ಇವಳು ಉಳಿದಳು. 2016ರ ಆಗಸ್ಟ್ 8ಕ್ಕೆ ಬ್ಲ್ಯಾಕ್‌ಪಿಂಕ್ ವೇದಿಕೆಗೆ ಬಂತು.

ಎರಡು ವರ್ಷದ ನಂತರ, 2018ರ ನವೆಂಬರ್ 12ಕ್ಕೆ, ನಾಲ್ವರಲ್ಲಿ ಮೊದಲನೆಯವಳಾಗಿ ಜೆನ್ನಿ ಒಬ್ಬಳೇ ಒಂದು ಹಾಡು ಬಿಡುಗಡೆ ಮಾಡಿದಳು. ಹಾಡಿನ ಹೆಸರೇ 'ಸೋಲೋ'. ಹುಡುಗನನ್ನ ಬಿಟ್ಟು ಒಂಟಿಯಾಗಿ ಖುಷಿಯಾಗಿದ್ದೀನಿ ಅನ್ನೋ ಹಾಡು. ಪ್ರಪಂಚವೆಲ್ಲ ಅದನ್ನ ಸ್ವಾತಂತ್ರ್ಯ ಘೋಷಣೆ ಅಂತ ಕುಣಿಯಿತು. ಆ ಘೋಷಣೆ ಬರೆದವನು ಟೆಡ್ಡಿ, ವೈಜಿಯ ಆಸ್ಥಾನ ನಿರ್ಮಾಪಕ. ಸಂಗೀತದಲ್ಲಿ ಅವನ ಜೊತೆ ಇನ್ನೊಬ್ಬ. ಬರೆದವರ ಪಟ್ಟಿಯಲ್ಲಿ ಜೆನ್ನಿ ಇಲ್ಲ. ಕಂಪನಿಯ ಕಾಗದದಲ್ಲಿ, ಕಂಪನಿಯ ಪೆನ್ನಲ್ಲಿ ಬರೆದುಕೊಟ್ಟ ಸ್ವಾತಂತ್ರ್ಯ. ಹಾಡು ಚೆನ್ನಾಗಿದೆ, ಆ ಮಾತು ಬೇರೆ. ನಾನೂ ಜಿಮ್ಮಲ್ಲಿ ಕೇಳ್ತೀನಿ.

ಅಲ್ಲಿಂದ ಐದು ವರ್ಷಕ್ಕೆ ಕಾಗದ ಬದಲಾಯಿತು. 2016ರ ಆಗಸ್ಟ್‌ಗೆ ಏಳು ಸೇರಿಸಿ, 2023. ಆ ವರ್ಷದ ಡಿಸೆಂಬರ್‌ನಲ್ಲಿ ವೈಜಿ ಎರಡು ಸಲ ಪ್ರಕಟಣೆ ಕೊಟ್ಟಿತು. ಗುಂಪಾಗಿ ಮಾಡುವ ಕೆಲಸಕ್ಕೆ ನಾಲ್ವರೂ ಕಂಪನಿಯ ಜೊತೆ ಒಪ್ಪಂದ ಮುಂದುವರಿಸಿದ್ದಾರೆ ಅಂತ ಮೊದಲನೆಯದು. ಒಬ್ಬೊಬ್ಬರ ವೈಯಕ್ತಿಕ ಒಪ್ಪಂದ ಮುಂದುವರಿಯೋದಿಲ್ಲ ಅಂತ ಎರಡನೆಯದು. ಈ ಎರಡರ ಮಧ್ಯೆ ಜೆನ್ನಿ 'ಆಡ್ ಅಟೆಲಿಯರ್' ಅನ್ನೋ ತನ್ನದೇ ಸಂಸ್ಥೆ ಘೋಷಿಸಿದಳು. 2024ರಲ್ಲಿ ಲೀಸಾ ಮತ್ತು ಜಿಸೂ ಕೂಡ ತಮ್ಮ ತಮ್ಮ ಸಂಸ್ಥೆ ಶುರು ಮಾಡಿದರು. ರೋಸೆ ಹೋಗಿದ್ದು ದಿ ಬ್ಲ್ಯಾಕ್ ಲೇಬಲ್‌ಗೆ. ಅದನ್ನ ಕಟ್ಟಿದವನು ಯಾರು ಅಂದ್ರೆ, ಅದೇ ಟೆಡ್ಡಿ. ಆಕಾಶ ಅಷ್ಟೇನೂ ದೊಡ್ಡದಲ್ಲ.

ಹಾಗಾಗಿ, ಅಂಕಲ್, ಅವಳು ಗುಂಪಿಗೆ ಕೈ ಕೊಟ್ಟಿಲ್ಲ. 2025ರ ಜುಲೈನಲ್ಲಿ ನಾಲ್ವರೂ ಸೇರಿ 'ಜಂಪ್' ಬಿಟ್ಟರು, ಗೋಯಾಂಗ್‌ನಿಂದ ವಿಶ್ವ ಪ್ರವಾಸ ಹೊರಟರು. ಕಂಪನಿಯ ಜೊತೆ ಮಾಡಿಕೊಂಡಿದ್ದ ಅವಧಿ ಮುಗಿಯಿತು, ಹೊಸ ಶರತ್ತಿನ ಮೇಲೆ ಅರ್ಧ ಸಂಬಂಧ ಇಟ್ಟುಕೊಂಡಳು. ಇದನ್ನ ನಮ್ಮ ಕಡೆ ದ್ರೋಹ ಅಂತಾರಾ?

ಏಳೇ ಯಾಕೆ ಅಂತ ಕೇಳಿ, ಯಾಕಂದ್ರೆ ಆ ಸಂಖ್ಯೆ ಪುಕ್ಕಟೆ ಬಂದಿದ್ದಲ್ಲ. 2009ರಲ್ಲಿ ಟಿವಿಎಕ್ಸ್‌ಕ್ಯೂ ಅನ್ನೋ ಐವರ ಗುಂಪಿನ ಮೂವರು ಎಸ್‌ಎಂ ಕಂಪನಿಯ ವಿರುದ್ಧ ಕೋರ್ಟಿಗೆ ಹೋದರು. ಅವರು ಸಹಿ ಹಾಕಿದ್ದು 13 ವರ್ಷಕ್ಕೆ. ಹದಿಹರೆಯದಲ್ಲಿ ಹಾಕಿದ ಸಹಿ ಯೌವನವನ್ನೆಲ್ಲ ತಿನ್ನುವ ಲೆಕ್ಕ. ಅದೇ ವರ್ಷ ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ ಮಾದರಿ ಒಪ್ಪಂದ ತಂದು ಏಳು ವರ್ಷದ ಮಿತಿ ಹಾಕಿತು. ಅಭಿಮಾನಿಗಳು ಇದನ್ನ 'ಏಳು ವರ್ಷದ ಶಾಪ' ಅಂತ ಕರೀತಾರೆ, ಅಷ್ಟು ವರ್ಷಕ್ಕೆ ಗುಂಪುಗಳು ಒಡೆಯುತ್ತವೆ ಅಂತ. ನನಗೆ ಈ ಮಾತು ಕೇಳಿದಾಗೆಲ್ಲ ಮೈ ಉರಿಯುತ್ತೆ. ಹಾಡುವವರಿಗೆ ಸಿಕ್ಕ ಏಕೈಕ ಬಾಗಿಲಿಗೆ ನೀವು ಇಟ್ಟ ಹೆಸರು ಶಾಪ!

ಬಾಗಿಲು ದಾಟಿದ ಮೇಲೂ ಆ ಮೂವರಿಗೆ ಹಳೆ ಹೆಸರು ಸಿಗಲಿಲ್ಲ. ತಮ್ಮ ಹೆಸರುಗಳ ಮೊದಲ ಅಕ್ಷರ ಜೋಡಿಸಿ ಜೆವೈಜೆ ಅಂತ ಇಟ್ಟುಕೊಂಡರು. ಬೀಸ್ಟ್ ಅನ್ನೋ ಇನ್ನೊಂದು ಗುಂಪು ಕಂಪನಿ ಬಿಟ್ಟಾಗ ಜನ ಅವರೇ, ದನಿ ಅವರದೇ, ಹೆಸರು ಮಾತ್ರ 2017ರಲ್ಲಿ ಹೈಲೈಟ್ ಆಗಬೇಕಾಯಿತು. ನ್ಯೂಜೀನ್ಸ್ ಹುಡುಗಿಯರು 2025ರಲ್ಲಿ ಹೊಸ ಹೆಸರಿಟ್ಟುಕೊಂಡು ಹೊರಡಲು ನೋಡಿದರು. ಮಾರ್ಚ್‌ನಲ್ಲಿ ಸಿಯೋಲ್ ಕೋರ್ಟು ತಡೆ ಕೊಟ್ಟಿತು, ಅಕ್ಟೋಬರ್‌ನಲ್ಲಿ ಒಪ್ಪಂದ ಇನ್ನೂ ಊರ್ಜಿತ ಅಂದಿತು. ಇದೇ ಹುಡುಗಿಯರು 2022ರಲ್ಲಿ, ಮೊದಲ ಹಾಡು ಬಂದು ಎರಡು ಮೂರು ತಿಂಗಳೂ ಆಗಿರದಾಗ, ರಿಯಾದ್‌ನ ಬುಲೆವಾರ್ಡ್‌ನಲ್ಲಿ ನಡೆದ ಕೆಕಾನ್ ವೇದಿಕೆಯಲ್ಲಿ ಕುಣಿದಿದ್ದರು. ಅದೇ ಕೆಕಾನ್‌ಗೆ ಹ್ಯೋರಿನ್ ಕೂಡ ಬಂದಿದ್ದಳು. ಸಿಸ್ಟಾರ್ ಗುಂಪಿನಲ್ಲಿ 2010ರಿಂದ 2017ರವರೆಗೆ, ಸರಿಯಾಗಿ ಏಳು ವರ್ಷ ದುಡಿದು, ಆಮೇಲೆ ತನ್ನದೇ ಸಣ್ಣ ಕಂಪನಿ ಮಾಡಿಕೊಂಡವಳು. ಒಂದೇ ವೇದಿಕೆ ಮೇಲೆ ಬಾಗಿಲು ದಾಟಿದವಳು ಮತ್ತು ಬಾಗಿಲು ಇನ್ನೂ ಕಾಣದವರು. ನಾವು ನೋಡಿದ್ದು ಬಟ್ಟೆ, ಲೈಟು.

ಈಗ ನಮ್ಮ ಮನೆಯ ಮಾತು. ಕಫೀಲ್ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಮೆರಿಕದಲ್ಲೋ ಜರ್ಮನಿಯಲ್ಲೋ ಕೂತು ಇದನ್ನ ಕೇಳ್ತಿರುವವರಿಗೆ ಒಂದು ಸಾಲು: ಇಲ್ಲಿ ನಿಮ್ಮ ವಾಸದ ಪರವಾನಗಿ ನಿಮ್ಮನ್ನ ಕರೆಸಿಕೊಂಡವನ ಹೆಸರಿಗೆ ಕಟ್ಟಿರುತ್ತೆ, ಅವನೇ ಕಫೀಲ್. ಬಹಳ ವರ್ಷ ಕೆಲಸ ಬದಲಿಸೋಕೆ ಅವನ ಒಪ್ಪಿಗೆ ಪತ್ರ ಬೇಕಿತ್ತು, ಊರಿಗೆ ಹೋಗಿಬರೋಕೂ ಅವನ ಅನುಮತಿ ಬೇಕಿತ್ತು. ಹೇಳದೆ ಬಿಟ್ಟರೆ 'ಹುರೂಬ್' ಅಂತ, ಅಂದ್ರೆ ಓಡಿಹೋದವನು ಅಂತ, ದೂರು ಬೀಳುತ್ತಿತ್ತು. 2021ರ ಮಾರ್ಚ್ 14ರಿಂದ ನಿಯಮ ಬದಲಾಯಿತು. ಒಪ್ಪಂದ ಮುಗಿದ ಮೇಲೆ, ಅಥವಾ ಒಂದು ವರ್ಷ ದುಡಿದು ನೋಟಿಸ್ ಕೊಟ್ಟು, ಮಾಲೀಕನ ಒಪ್ಪಿಗೆ ಇಲ್ಲದೆ ಖಾಸಗಿ ಕಂಪನಿಯವರು ಬೇರೆ ಕಡೆ ಹೋಗಬಹುದು. ಕ್ವಿವಾ ಅನ್ನೋ ಸರ್ಕಾರಿ ಪೋರ್ಟಲ್‌ನಲ್ಲಿ ಕೆಲಸ ಮುಗಿಯುತ್ತೆ.

ಜೆನ್ನಿ ಕೈ ಕೊಟ್ಟಳು ಅಂದ ಆ ಹಿರಿಯರು ಅದೇ ಮಧ್ಯಾಹ್ನ, ಎರಡನೇ ಕಪ್ ಸುಲೈಮಾನಿಗೆ, ತಮ್ಮ ಕಥೆ ಹೇಳಿದರು. ಹದಿನೇಳು ವರ್ಷ ಒಂದೇ ಕಂಪನಿ. ನಿಯಮ ಬಂದ ಮರುವರ್ಷ ಕ್ವಿವಾದಲ್ಲಿ ಅರ್ಜಿ ಹಾಕಿ ಹೊರಗೆ ಬಂದರು. ಹಳೆ ಮ್ಯಾನೇಜರ್ ಏನಂದನಂತೆ ಗೊತ್ತಾ? "ನಿನ್ನನ್ನ ಬೆಳೆಸಿದ್ದೇ ಈ ಕಂಪನಿ." ಅದನ್ನ ಹೇಳಿ ನಕ್ಕರು, ನಾವೂ ನಕ್ಕೆವು. ಟೀವಿಯಲ್ಲಿ ಜೆನ್ನಿ ಇನ್ನೂ ಹಾಡ್ತಿದ್ದಳು. ಅರ್ಧ ಗಂಟೆ ಹಿಂದೆ ತಾವೇ ಆಡಿದ ಮಾತು ಇದು ಅಂತ ಅವರಿಗೆ ಹೊಳೆಯಲೇ ಇಲ್ಲ.

ಅವರನ್ನ ಹಂಗಿಸೋಕೆ ಇದನ್ನ ಬರೀತಿಲ್ಲ. ನಮ್ಮೆಲ್ಲರ ತಲೆಯಲ್ಲೂ ಈ ಎರಡು ತಕ್ಕಡಿ ಇದೆ. ಗಂಡಸು ಕಂಪನಿ ಬದಲಿಸಿದರೆ ಬುದ್ಧಿವಂತ, ಹಾಡುವ ಹುಡುಗಿ ಬದಲಿಸಿದರೆ ಕೃತಘ್ನೆ. ಮಗಳ ಮುಂದೆ ಈ ಮಾತಾಡುವಾಗ ನಾವು ಅವಳಿಗೆ ಕೊರಿಯಾದ ಬಗ್ಗೆ ಏನೂ ಹೇಳ್ತಿರೋದಿಲ್ಲ. ಮುಂದೆ ಅವಳು ಎಲ್ಲೋ ಕೆಲಸಕ್ಕೆ ಸೇರಿ, ಮ್ಯಾನೇಜರ್ 'ನಿನ್ನನ್ನ ಬೆಳೆಸಿದ್ದು ನಾವು' ಅಂದಾಗ ತಲೆ ತಗ್ಗಿಸೋದನ್ನ ಕಲಿಸ್ತಿರ್ತೀವಿ.

ವಿಚಿತ್ರ ಅಂದ್ರೆ ನಮ್ಮ ಕರಾವಳಿಯವರಿಗೆ ಇದೆಲ್ಲ ಹೊಸದಲ್ಲ. ಯಕ್ಷಗಾನ ಮೇಳಗಳನ್ನ ನೆನಪು ಮಾಡಿಕೊಳ್ಳಿ. ದೀಪಾವಳಿ ಆಸುಪಾಸು ಹೊರಟ ಮೇಳ ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತೆ. ಮೇಳದ ಹೆಸರು ಕಟೀಲಿನದೋ ಮಂದಾರ್ತಿಯದೋ ಧರ್ಮಸ್ಥಳದ್ದೋ ಆಗಿರುತ್ತೆ, ಅದನ್ನ ಯಾರೂ ಹೊತ್ತುಕೊಂಡು ಹೋಗಲ್ಲ. ಕಲಾವಿದನ ಹೆಸರು ಮಾತ್ರ ಕಲಾವಿದನದ್ದು. ಮುಂದಿನ ತಿರುಗಾಟಕ್ಕೆ ಅವನು ಬೇರೆ ಮೇಳ ಸೇರಿದರೆ ಊರಿನವರು ಚರ್ಚೆ ಮಾಡ್ತಾರೆ, ಬೇಜಾರು ಮಾಡಿಕೊಳ್ತಾರೆ, ಆಮೇಲೆ ಆ ಮೇಳದ ಆಟಕ್ಕೇ ಹೋಗಿ ಕೂರ್ತಾರೆ. ಮೇಳದಲ್ಲಿ ಶೋಷಣೆಯೇ ಇಲ್ಲ ಅಂತ ನಾನು ಹೇಳ್ತಿಲ್ಲ, ಕಡಿಮೆ ಸಂಬಳಕ್ಕೆ ನಿದ್ದೆಗೆಟ್ಟವರ ಕಥೆಗಳು ಬೇಕಾದಷ್ಟಿವೆ. ಆದರೆ 'ಮೇಳ ಬದಲಿಸಿದ' ಅನ್ನೋದು ನಮ್ಮ ಭಾಷೆಯಲ್ಲಿ ಬೈಗುಳ ಆಗಿರಲಿಲ್ಲ.

ಇನ್ನು ಹುಡುಗಿಯ ಮಾತಿಗೆ ಬರ್ತೀನಿ, ಅದು ಹೆಚ್ಚು ಚೆಂದದ ತಪ್ಪು. 'ಈಗ ಅವಳು ಅವಳಾಗಿ ಹಾಡ್ತಿದ್ದಾಳೆ.' 2025ರ ಮಾರ್ಚ್ 7ಕ್ಕೆ ಬಂದ 'ರೂಬಿ'ಯಲ್ಲಿ ಜೆನ್ನಿಯ ಜೊತೆ ದುವಾ ಲಿಪಾ ಇದ್ದಾಳೆ, ಡೋಚಿ ಇದ್ದಾಳೆ, ಚೈಲ್ಡಿಶ್ ಗ್ಯಾಂಬಿನೋ, ಕಾಲಿ ಉಚಿಸ್, ಡೊಮಿನಿಕ್ ಫೈಕ್ ಇದ್ದಾರೆ. ಹೊರತಂದಿದ್ದು ಕೊಲಂಬಿಯಾ ರೆಕಾರ್ಡ್ಸ್ ಜೊತೆ ಸೇರಿ, ಅಂದ್ರೆ ಸೋನಿಯ ಮನೆ. ಹಲವು ಹಾಡುಗಳ ಬರಹಗಾರರ ಪಟ್ಟಿಯಲ್ಲಿ ಈಗ ಅವಳ ಹೆಸರಿದೆ, 'ಸೋಲೋ'ಗೆ ಹೋಲಿಸಿದರೆ ಅದು ದೊಡ್ಡ ಬದಲಾವಣೆಯೇ. ಆದರೆ ಅವಳೊಬ್ಬಳ ಹೆಸರಲ್ಲ. ನಾಲ್ವರ ಗುಂಪಲ್ಲಿದ್ದವಳು ಈಗ ನಲವತ್ತು ಜನರ ಗುಂಪಲ್ಲಿದ್ದಾಳೆ, ಪೋಸ್ಟರ್ ಮೇಲೆ ಮಾತ್ರ ಒಬ್ಬಳು. ಪಾಪ್ ಸಂಗೀತದಲ್ಲಿ ಒಂಟಿ ಅನ್ನೋದು ಪೋಸ್ಟರಿನ ಸಂಖ್ಯೆ.

ಕೆಲವರು ಇನ್ನೊಂದು ಕಡೆಯಿಂದ ಬರ್ತಾರೆ: ಬಹುಪಾಲು ಇಂಗ್ಲಿಷಿನಲ್ಲಿ ಹಾಡಿದ್ದಾಳೆ, ಇದು ಅವಳ ದನಿ ಹೇಗಾಗುತ್ತೆ, ಮಾರುಕಟ್ಟೆಯ ದನಿ ಅಂತ. ಇದನ್ನ ನಮ್ಮ ಎರಡನೇ ತಲೆಮಾರಿನವರು ಒಪ್ಪಬಾರದು. ಬಾಲ್ಯದ ಒಂದು ಭಾಗ ಆಕ್ಲೆಂಡ್‌ನಲ್ಲಿ ಕಳೆದವಳಿಗೆ ಇಂಗ್ಲಿಷ್ ಬಾಡಿಗೆ ಅಂಗಿಯಲ್ಲ. ಜುಬೈಲ್‌ನಲ್ಲಿ ಹುಟ್ಟಿ, ಇಂಡಿಯನ್ ಸ್ಕೂಲಲ್ಲಿ ಹಿಂದಿ ಕಲಿತು, ಅಜ್ಜಿ ಜೊತೆ ವಿಡಿಯೋ ಕಾಲಲ್ಲಿ ಮಾತ್ರ ಕನ್ನಡ ಮಾತಾಡುವ ನಿಮ್ಮ 'ಸ್ವಂತ ದನಿ' ಯಾವ ಭಾಷೆಯಲ್ಲಿದೆ ಅಂತ ಯಾರಾದರೂ ಕೇಳಿದರೆ ನೀವೇನು ಹೇಳ್ತೀರಿ? ಭಾಷೆ ನೋಡಿ ಯಾರು ಅಸಲಿ ಯಾರು ನಕಲಿ ಅಂತ ತೂಗುವ ಈ ಆಟ ನಮಗೆ ಯಾವತ್ತೂ ಒಳ್ಳೆಯದು ಮಾಡಿಲ್ಲ. ಕಾಗದ ನೋಡಿ ಅಂತ ನಾನು ಹೇಳೋದು ಅದಕ್ಕೇ. ಒಳಗಿನ ಜೆನ್ನಿ ಯಾರು ಅಂತ ನಮಗೆ ಕಾಣಲ್ಲ. ಪಟ್ಟಿಯಲ್ಲಿ ಅವಳ ಹೆಸರಿದೆಯೋ ಇಲ್ಲವೋ ಅನ್ನೋದು ಫೋನಲ್ಲಿ ಮೂರು ಚುಕ್ಕೆ ಒತ್ತಿದರೆ ಕಾಣುತ್ತೆ.

ಅಂಕಿ ಅಂಶಗಳ ಕೆಲಸ ಮಾಡುವವನಾಗಿ ಒಂದು ಮಾತು ಸೇರಿಸ್ತೀನಿ. 'ನಂಬರ್ ನೋಡಿ, ಜನ ಅವಳನ್ನ ಒಪ್ಪಿದ್ದಾರೆ' ಅಂತ ವಾದ ಮಾಡಬೇಡಿ. 2023ರ ಏಪ್ರಿಲ್‌ನಲ್ಲಿ ಬಿಟಿಎಸ್‌ನ ಜಿಮಿನ್ ಒಬ್ಬನೇ ಹಾಡಿದ 'ಲೈಕ್ ಕ್ರೇಜಿ' ಬಿಲ್‌ಬೋರ್ಡ್ ಹಾಟ್ 100ರಲ್ಲಿ ನೇರ 1ನೇ ಸ್ಥಾನಕ್ಕೆ ಬಂತು. ಮುಂದಿನ ವಾರ 45. ಅಭಿಮಾನಿಗಳು ಬಿಲ್‌ಬೋರ್ಡ್‌ನ ಲೆಕ್ಕವನ್ನೇ ಬೈದರು. ನನಗೆ ಕಂಡಿದ್ದು ಬೇರೆ: ಮೊದಲ ವಾರದ ಸಂಖ್ಯೆ ಅಳೆದಿದ್ದು ಹಾಡನ್ನಲ್ಲ, ಅಲಾರಂ ಇಟ್ಟು ಎದ್ದು ಕೊಂಡವರ ಶಿಸ್ತನ್ನ. ಆ ಶಿಸ್ತು ಕಡಿಮೆ ವಿಷಯವೇನಲ್ಲ, ನಮ್ಮ ಕನ್ನಡ ಸಂಘಗಳಿಗೆ ಅದರಲ್ಲಿ ಕಾಲು ಭಾಗ ಇದ್ದಿದ್ದರೆ ರಾಜ್ಯೋತ್ಸವ ಹೊತ್ತಿಗೆ ಸರಿಯಾಗಿ ಶುರುವಾಗುತ್ತಿತ್ತು. ಆದರೆ ಹಾಡುವವನು ತನ್ನತನ ಕಂಡುಕೊಂಡ ಅನ್ನೋದಕ್ಕೆ ಅದು ಸಾಕ್ಷಿಯಲ್ಲ.

ಜೆನ್ನಿಯನ್ನೂ ನಮ್ಮನ್ನೂ ಒಂದೇ ತಕ್ಕಡಿಯಲ್ಲಿ ಇಡ್ತೀಯಲ್ಲ, ಅವಳು ಕೋಟ್ಯಧಿಪತಿ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅವಳಿಗೆ ಶರತ್ತು ಹಾಕುವ ಶಕ್ತಿ ಬಂದಿದ್ದು ಆ ಏಳು ವರ್ಷದಲ್ಲಿ ಪ್ರಪಂಚ ಅವಳ ಮುಖ ಗುರುತಿಸಿದ್ದರಿಂದ. ಅರ್ಧದಲ್ಲೇ ಮನೆಗೆ ಹೋದ ಟ್ರೇನಿಗಳಿಗೆ 'ಮರುಹುಟ್ಟು' ಇಲ್ಲ, ಮೊದಲನೇ ಹುಟ್ಟೇ ಆಗಿರಲಿಲ್ಲ. ಇಲ್ಲೂ ಹಾಗೇ. 2021ರ ನಿಯಮ ಎಂಜಿನಿಯರಿಗೆ, ಅಕೌಂಟೆಂಟಿಗೆ, ನನ್ನಂಥವನಿಗೆ ಬಾಗಿಲು ತೆರೆಯಿತು. ಮನೆಗೆಲಸದವರು, ಮನೆ ಡ್ರೈವರುಗಳು, ತೋಟದವರು, ಕುರಿ ಕಾಯುವವರು ಅದರ ಹೊರಗುಳಿದರು. ಸೋಲೋ ಆಗೋದನ್ನ ಧೈರ್ಯದ ಕಥೆ ಅಂತ ಹೇಳಿದಾಗ, ಆಗಲಾರದವರು ಹೇಡಿಗಳು ಅಂತ ಹೇಳದೆಯೇ ಹೇಳಿದ ಹಾಗಾಗುತ್ತೆ. ಆ ಕಥೆಯ ಮೇಲೆ ನನಗಿರುವ ನಿಜವಾದ ಸಿಟ್ಟು ಇದು.

ಅವಳನ್ನ ನಾನು ಒಂದು ಸಲ ನೋಡಿದ್ದೀನಿ. 2023ರ ಜನವರಿ 20, ಶುಕ್ರವಾರ, ರಿಯಾದ್‌ನ ಮರ್ಸೂಲ್ ಪಾರ್ಕ್ ಸ್ಟೇಡಿಯಂ. ಸ್ನೇಹಿತರ ಮಕ್ಕಳನ್ನ ಕರ್ಕೊಂಡು ಹೋಗುವ ಜವಾಬ್ದಾರಿ ನನ್ನ ತಲೆಗೆ ಬಿದ್ದಿತ್ತು. ಅಬಾಯಾ ಮೇಲೆ ಗುಲಾಬಿ ಸ್ಕಾರ್ಫ್ ಸುತ್ತಿಕೊಂಡ ಹುಡುಗಿಯರು, ಕೈಯಲ್ಲಿ ಸುತ್ತಿಗೆ ಆಕಾರದ ಗುಲಾಬಿ ಲೈಟು. ಕೆಲವೇ ವರ್ಷದ ಹಿಂದಿನ ತನಕ ಈ ದೇಶದಲ್ಲಿ ಹೆಂಗಸರಿಗೆ ಸ್ಟೇಡಿಯಂ ಒಳಗೆ ಪ್ರವೇಶವೇ ಇರಲಿಲ್ಲ ಅಂತ ನನ್ನ ಜೊತೆಗಿದ್ದ ಮಕ್ಕಳಿಗೆ ಹೇಳಿದರೆ ನಂಬಲಿಲ್ಲ. ಆ ಪ್ರವಾಸದಲ್ಲಿ ನಾಲ್ವರಿಗೂ ಒಂಟಿಯಾಗಿ ವೇದಿಕೆ ತುಂಬುವ ಒಂದೊಂದು ಸರದಿ ಇತ್ತು. ಜೆನ್ನಿ ತನ್ನ ಸರದಿಗೆ ಇಟ್ಟುಕೊಂಡಿದ್ದ 'ಯೂ ಆಂಡ್ ಮಿ' ಆಗಿನ್ನೂ ಬಿಡುಗಡೆಯಾಗಿರಲಿಲ್ಲ, ಆಗಿದ್ದು ಅಕ್ಟೋಬರ್‌ನಲ್ಲಿ.

ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ಒಂದು ಗಂಟೆ ಸಿಕ್ಕಿಕೊಂಡೆವು. ಚಳಿ. ಸಾಲಾಗಿ ನಿಂತ ಜಿಎಂಸಿ ಗಾಡಿಗಳ ಪಕ್ಕ ಮನೆ ಡ್ರೈವರುಗಳು ಗುಂಪು ಕೂಡಿ ನಿಂತಿದ್ದರು. ನನ್ನ ಜೊತೆಗಿದ್ದ ಮಕ್ಕಳು ಕನ್ನಡ ಇಂಗ್ಲಿಷ್ ಬೆರೆಸಿ ಕಿರುಚಾಡ್ತಿದ್ದದ್ದು ಕೇಳಿ ಒಬ್ಬರು ಹತ್ತಿರ ಬಂದರು. ಕುಂದಾಪುರದ ಕಡೆಯವರು. ಯಾರ ಪ್ರೋಗ್ರಾಂ ಅಂತ ಕೇಳಿದರು. ಕೊರಿಯಾದ ನಾಲ್ಕು ಹುಡುಗಿಯರು, ಒಂದು ಕಂಪನಿ, ಚಿಕ್ಕಂದಿನಿಂದ ತಾಲೀಮು ಕೊಟ್ಟು ಊರೂರು ಆಟ ಆಡಿಸುತ್ತೆ ಅಂತ ನನಗೆ ಬಂದ ಹಾಗೆ ವಿವರಿಸಿದೆ. ಅವರಿಗೆ ತಕ್ಷಣ ಅರ್ಥ ಆಯಿತು.

"ಮೇಳ ಬದ್ಲ್ ಮಾಡುಕ್ ಆತ್ತಾ ಅವ್ರಿಗೆ?"

ಏಳು ವರ್ಷ ಆದ ಮೇಲೆ ಆಗುತ್ತೆ, ಇವರದ್ದು ಈ ಆಗಸ್ಟಿಗೆ ಮುಗಿಯುತ್ತೆ ಅಂದೆ.

"ನಂದ್ ಹನ್ನೊಂದ್ ಆಯ್ತ್ ಮರ್ರೆ," ಅಂದರು. ಅಷ್ಟರಲ್ಲಿ ಅವರ ಮನೆಯ ಹುಡುಗಿಯರು ಬಂದರು, ಅವರು ಓಡಿಹೋಗಿ ಬಾಗಿಲು ತೆಗೆದರು.